ಅಪ್ಪನ ‘ಇರಬೇಕು’

ಚಂದ್ರಣ್ಣ ಬಂದು ಎದುರಿಗೆ ನಿಲ್ಲತೊಡಗುವ ಮೊದಲು, ನಮ್ಮ ಮನೆಯ ಮುಂಬಾಗಿಲು ದೀಪ ಹಚ್ಚುವ ಹೊತ್ತಿನಲ್ಲಿ ಒಂದು ದಿನವೂ ಮುಚ್ಚಿದ್ದಿಲ್ಲ. ಅಜ್ಜಿ ಅದಕ್ಕೆ ಬಿಡುತ್ತಿರಲಿಲ್ಲ. ಹೊತ್ತು ಮುಳುಗುವಾಗ ಹೊಸ್ತಿಲಿಗೆ ನೀರು ಚಿಮುಕಿಸಿ, ದೇವರ ಗೂಡಿನಲ್ಲಿ ದೀಪ ಹಚ್ಚಿ, ಬಾಗಿಲನ್ನು ಅಗಲ ತೆರೆದು ಗೋಡೆಗೆ ತಾಗಿಸಿ, ತಾನು ಒಳಗೆ ಗೋಡೆಗೊರಗಿ ಕೂರುತ್ತಿದ್ದಳು. ದಾವಣಗೆರೆಯ ವಿನೋಬನಗರದ ನಮ್ಮ ಓಣಿ ಆ ಹೊತ್ತಿಗೆ ಗಿಜಿಗುಡುತ್ತಿತ್ತು. ಆಟೋಗಳ ಸದ್ದು, ಕೆಲಸ ಬಿಟ್ಟು ಬರುವವರ ಮಾತು, ಮೂಲೆಯ ಅಂಗಡಿಯ ಬಾಣಲೆಯಲ್ಲಿ ಮೆಣಸಿನಕಾಯಿ ಬೇಯುವ ವಾಸನೆ ಎಲ್ಲವೂ ತೆರೆದ ಬಾಗಿಲಿನಿಂದ ನುಗ್ಗಿ ಅಡುಗೆಮನೆಯವರೆಗೂ ಹೋಗುತ್ತಿದ್ದವು. ಮನೆ ಇದ್ದದ್ದೇ ಹಾಗೆ: ಪಡಸಾಲೆ, ನಡುಮನೆ, ಅಡುಗೆಮನೆ, ಮೂರೂ ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು. ಪಡಸಾಲೆಯಲ್ಲಿ ಅಪ್ಪ ಕೆಮ್ಮಿದರೆ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಅವ್ವನಿಗೆ ಕೇಳುತ್ತಿತ್ತು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದೆ ಇರಲು ಸಾಧ್ಯವೇ ಇಲ್ಲದ ಮನೆ ಅದು. ಈಗ ಎಸ್.ಎಸ್. ಬಡಾವಣೆಯಲ್ಲಿ ನನಗೊಂದು ಮನೆಯಿದೆ, ಬಾಗಿಲು ಹಾಕಿದರೆ ಹೊರಗಿನ ಸದ್ದು ಒಳಗೆ ಸುಳಿಯುವುದಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ‘ಮಸ್ಟ್’ ಎಂಬ ಪದ ಕಂಡಾಗಲೆಲ್ಲ ನನ್ನ ಕೆಂಪು ಪೆನ್ನು ಒಂದು ಗಳಿಗೆ ನಿಲ್ಲುತ್ತದೆ. ಆ ಪದವನ್ನು ಅಪ್ಪನಿಗೆ ಕಲಿಸಿದವಳು ನಾನು.

ಅಪ್ಪ ಹರಿಹರದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದ. ಕಾವಲಿನವನ ಕೆಲಸವೆಂದರೆ ಕಂಡದ್ದನ್ನು ಕಂಡ ಹಾಗೆ ಹೇಳುವುದು. ಆದರೆ ಅಪ್ಪನ ಬಾಯಿಂದ ಯಾವ ಮಾತೂ ಪೂರಾ ಗಟ್ಟಿಯಾಗಿ ಹೊರಡುತ್ತಿರಲಿಲ್ಲ. ಎಲ್ಲದರ ಬಾಲಕ್ಕೂ ಒಂದು ‘ಇರಬೇಕು’ ಅಂಟಿಕೊಂಡಿರುತ್ತಿತ್ತು. ಸಾರಿಗೆ ಉಪ್ಪೇ ಬಿದ್ದಿಲ್ಲದಿದ್ದರೂ “ಉಪ್ಪು ಒಂಚೂರು ಕಮ್ಮಿ ಆಗಿರ್ಬೇಕು ನೋಡು” ಎನ್ನುತ್ತಿದ್ದ. ಹಾಲಿನವನು ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದರೂ “ಹಾಲಿನೋನು ಬಂದಿರ್ಬೇಕು” ಎಂದು ಒಳಗೆ ಕೂಗುತ್ತಿದ್ದ. ಅವ್ವನಿಗೆ ಇದೊಂದು ತಮಾಷೆ.

“ಕಣ್ಣ ಮುಂದ ನಿಂತಾನೆ, ಇನ್ನೂ ಬಂದಿರ್ಬೇಕಂತೆ! ನಿಮಗ ಹೆಂಡ್ತಿ ಅದಾಳೋ ಇಲ್ಲೋ, ಅದಾರ ಗೊತ್ತೈತಾ?”

“ಇರ್ಬೇಕು,” ಎನ್ನುತ್ತಿದ್ದ ಅಪ್ಪ, ರೊಟ್ಟಿ ಮುರಿಯುತ್ತ.

ಅದು ಅನುಮಾನವೂ ಅಲ್ಲ, ಅಂಜಿಕೆಯೂ ಅಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು. ಎದುರಿಗಿರುವವನು ‘ಇಲ್ಲ’ ಎನ್ನಲು ಒಂದಿಷ್ಟು ಜಾಗ ಬಿಟ್ಟು ಮಾತಾಡುವುದು ಅಪ್ಪನ ಮರ್ಯಾದೆ. ಅಜ್ಜಿ ಇದಕ್ಕೆ ಪೂರ್ತಿ ಉಲ್ಟಾ. ಹದಡಿ ಎಂಬ ಹಳ್ಳಿಯ ಹೊಲದಲ್ಲಿ ಬಾಳಿ ಬಂದವಳು, ಮಳೆಯಿಂದ ಹಿಡಿದು ನೆರೆಮನೆಯ ಮದುವೆಯವರೆಗೆ ಎಲ್ಲದರ ಬಗ್ಗೆಯೂ ತೀರ್ಪು ಕೊಡುತ್ತಿದ್ದಳು, ಕೊಟ್ಟದ್ದು ಸುಳ್ಳಾದರೆ ಅದನ್ನು ಮರೆತೂ ಬಿಡುತ್ತಿದ್ದಳು.

ಚಂದ್ರಣ್ಣ ಅಪ್ಪನ ಗೆಳೆಯ. ಕಾರ್ಖಾನೆಯ ಕಾಗದದಲ್ಲಿ ಚಂದ್ರಪ್ಪ, ನಮಗೆಲ್ಲ ಚಂದ್ರಣ್ಣ. ಅದೇ ಕಾರ್ಖಾನೆಯಲ್ಲಿ ಲೇತ್ ಮಶೀನಿನ ಮೇಲೆ ಕೆಲಸ, ಹರಿಹರದಲ್ಲಿ ಹೊಳೆಯ ಕಡೆಗಿಳಿಯುವ ಓಣಿಯಲ್ಲಿ ಮನೆ. ಭಾನುವಾರ ಬೆಳಿಗ್ಗೆ ಹೆಂಡತಿ ಲಲಿತಕ್ಕನ ಜೊತೆ ನಮ್ಮ ಮನೆಗೆ ಬಂದರೆ ಹೋಗುತ್ತಿದ್ದುದು ಸಂಜೆಯ ಬಸ್ಸಿಗೇ. ಅವರಿಗೆ ಮಕ್ಕಳಿರಲಿಲ್ಲ. ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ, ಮಂಡಕ್ಕಿ ಸುರಿದು, ಈರುಳ್ಳಿ ಹೆಚ್ಚಿ ಕಲಸಿ, ಆರು ಜನ ಸುತ್ತ ಕೂತು ಒಂದೇ ರಾಶಿಯಿಂದ ತಿನ್ನುತ್ತಿದ್ದೆವು. ಚಂದ್ರಣ್ಣನ ಮಾತು ಅಪ್ಪನ ಮಾತಿನ ಹಾಗಲ್ಲ. ಅವನಿಗೆ ಎಲ್ಲವೂ ಗ್ಯಾರಂಟಿ, ಎಲ್ಲವೂ ಪಕ್ಕಾ. ಬಸ್ಸು ಗ್ಯಾರಂಟಿ ಸಿಗುತ್ತದೆ, ಈ ಸಲ ಬೋನಸ್ಸು ಪಕ್ಕಾ, ಸರೂ ಫಸ್ಟ್ ಕ್ಲಾಸು ಗ್ಯಾರಂಟಿ. ಸರೂ ಎಂದರೆ ನಾನು, ಸರೋಜ. ನನಗೆ ಸೈಕಲ್ ಕಲಿಸಿದವನೂ ಅವನೇ. “ಹಿಂದ ಹಿಡ್ಕಂಡೀನಿ, ಗ್ಯಾರಂಟಿ ಬಿಡಾಂಗಿಲ್ಲ” ಎಂದು ಹೇಳಿ ಬಿಟ್ಟುಬಿಟ್ಟಿದ್ದ. ನಾನು ಬಿದ್ದು ಮೊಣಕಾಲು ಕಿತ್ತುಕೊಂಡಾಗ ನನಗಿಂತ ಮೊದಲು ಅವನ ಕಣ್ಣಲ್ಲಿ ನೀರು ಬಂದಿತ್ತು.

ನಾನಾಗ ಏಳನೆಯ ತರಗತಿ. ಎರಡು ಓಣಿಯಾಚೆ ಕಮಲಾ ಟೀಚರ್ ಎಂಬವರು ಮನೆಯ ಜಗಲಿಯಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದರು. ಒಂದು ಸಂಜೆ ಅವರು ಬೋರ್ಡಿನ ಮೇಲೆ ಏಣಿ ಬರೆದರು. ಕೆಳಗಿನ ಮೆಟ್ಟಿಲಿಗೆ ‘ಮೈಟ್’, ಅದರ ಮೇಲೆ ‘ಮೇ’, ಅದರ ಮೇಲೆ ‘ಶುಡ್’, ತುದಿಗೆ ಹತ್ತಿರ ‘ಮಸ್ಟ್’. “ಮಸ್ಟ್ ಅಂದರೆ ಮಾಡಲೇಬೇಕು ಅಂತ ಮಾತ್ರ ಅಲ್ಲ. ದೀಪ ಉರೀತಿದೆ, ಚಪ್ಪಲಿ ಹೊರಗಿದೆ, ಒಳಗೆ ಮಾತು ಕೇಳ್ತಿದೆ. ಆಗ ಏನಂತೀವಿ? ದೇ ಮಸ್ಟ್ ಬಿ ಅಟ್ ಹೋಮ್. ಮನೆಯಲ್ಲಿ ಇರಬೇಕು.” ಅಪ್ಪನ ಪದ ಟೀಚರ ಬಾಯಲ್ಲಿ ಕೇಳಿದ ಸಂತೋಷಕ್ಕೆ ನಾನು ಏಣಿಯ ಮೆಟ್ಟಿಲುಗಳನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಮನೆಗೆ ಓಡಿ ಬಂದು, ಬೂಟು ಬಿಚ್ಚುತ್ತಿದ್ದ ಅಪ್ಪನ ಎದುರು ಕೂತು ಪಾಠ ಶುರುಮಾಡಿದೆ.

“ನಿನ್ನ ‘ಇರ್ಬೇಕು’ಗೆ ಇಂಗ್ಲಿಷ್ ಸಿಕ್ತಪ್ಪಾ. ‘ಮಸ್ಟ್ ಬಿ’!”

ಅಪ್ಪ ಅದನ್ನು ಬಾಯಲ್ಲಿ ಹೊರಳಿಸಿ ನೋಡಿದ. ಇಷ್ಟವಾಯಿತು. ಅವತ್ತಿಂದ ಸಾರಿಗೆ ಉಪ್ಪು ಮಸ್ಟ್ ಬಿ ಕಮ್ಮಿ, ಬಾಗಿಲಲ್ಲಿ ಮಸ್ಟ್ ಬಿ ಹಾಲಿನೋನು. ಅವ್ವ ನಕ್ಕು ಸಾಕಾದಳು. ಆ ದಿನಗಳಲ್ಲಿ ನಮ್ಮ ಮನೆ ನಗುತ್ತಿತ್ತು ಎನ್ನುವುದನ್ನು ನಾನಿಲ್ಲಿ ಬರೆದಿಡಬೇಕು, ಯಾಕೆಂದರೆ ಆಮೇಲೆ ಅದು ಹಾಗೆ ನಗಲಿಲ್ಲ.

ಅದೇ ಚಳಿಗಾಲದಲ್ಲಿ ಕಾರ್ಖಾನೆಯ ಉಗ್ರಾಣದಿಂದ ಹಿತ್ತಾಳೆಯ ಬಿಡಿಭಾಗಗಳು ಕಾಣೆಯಾದವು. ಯಾವಾಗ ಹೋದವೆಂದು ಲೆಕ್ಕ ತೆಗೆದಾಗ ಅಪ್ಪನಿಗೆ ಒಂದು ರಾತ್ರಿ ಪಾಳಿಯ ನಸುಕು ನೆನಪಾಯಿತು. ಹೊಳೆಯ ಕಡೆಯಿಂದ ಮಂಜು ಎದ್ದು ಕಾಂಪೌಂಡು ತುಂಬಿಕೊಂಡಿತ್ತಂತೆ. ಗೇಟಿನ ದೀಪದ ಬೆಳಕು ನಾಲ್ಕು ಮಾರು ದಾಟುತ್ತಿರಲಿಲ್ಲವಂತೆ. ಗೋಡೆಯ ಗುಂಟ ಯಾರೋ ಹೆಗಲ ಮೇಲೆ ಏನೋ ಹೊತ್ತು ಪಕ್ಕದ ಸಣ್ಣ ಗೇಟಿನ ಕಡೆ ಹೋದರು. ಅಪ್ಪ ಕೂಗಿದ. ಹೋಗುತ್ತಿದ್ದವನು ತಿರುಗಲಿಲ್ಲ. ಅವತ್ತೇ ಊಟಕ್ಕೆ ಕೂತಾಗ ಅವ್ವನಿಗೆ ಇದನ್ನು ಹೇಳಿದ್ದ, ದೊಡ್ಡ ವಿಷಯವೆಂದೇನಲ್ಲ.

“ನಡಿಗಿ ನೋಡಿ ಚಂದ್ರ ಇರ್ಬೇಕು ಅನ್ಕಂಡೆ. ಆದ್ರ ಚಂದ್ರ ಆಗಿದ್ರೆ ನಾ ಕರದ್ರ ತಿರುಗ್ತಿರಲಿಲ್ಲೇನು?”

ಗೇಟಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ವಿಚಾರಣೆ ಮಾಡಿದರು. ಬೇರೆ ಊರಿನಿಂದ ಬಂದ ಸಾಹೇಬನೊಬ್ಬ ಮೇಜಿನಾಚೆ ಕೂತಿದ್ದ, ಅವನಿಗೆ ಕನ್ನಡ ಬಾರದು. ಪಕ್ಕದಲ್ಲಿ ಒಬ್ಬ ಗುಮಾಸ್ತ ಕನ್ನಡವನ್ನು ಇಂಗ್ಲಿಷಿಗೆ, ಇಂಗ್ಲಿಷನ್ನು ಕನ್ನಡಕ್ಕೆ ಮಾಡಿ ಹೇಳುತ್ತಿದ್ದ. ಅಪ್ಪ ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಅವನ ದನಿಯಲ್ಲಿ ಮೊದಲು ಒಂದು ಬಗೆಯ ಹೆಮ್ಮೆಯಿತ್ತು.

“ಗುಮಾಸ್ತ ಹೇಳೋತನಕ ಯಾಕ ಕಾಯ್ಲಿ? ನಾನೇ ಇಂಗ್ಲಿಷ್ನಾಗೆ ಹೇಳ್ಬಿಟ್ಟೆ.”

“ಏನಂದ್ರಿ?” ಎಂದಳು ಅವ್ವ.

“ಯಾರದು ಅಂತ ಕೇಳಿದ್ರು. ಮಸ್ಟ್ ಬಿ ಚಂದ್ರಪ್ಪ, ಸಾರ್, ಅಂದೆ.” ಅಪ್ಪ ನನ್ನ ಕಡೆ ನೋಡಿ ನಕ್ಕ. ಆಮೇಲೆ ನಗು ನಿಂತಿತು. “ಅಲ್ಲೀತನಕ ಸಾಹೇಬ ತಲಿ ಎತ್ತಿದ್ದಿಲ್ಲ. ಆ ಮಾತಿಗೆ ಎತ್ತಿದ. ಎತ್ತಿ ಬಾಳೊತ್ತು ಬರಕಂಡ. ನನ್ನ ಕೈಲಿ ಸಹಿ ಹಾಕಿಸ್ಕಂಡ.”

ರೊಟ್ಟಿಯ ಹಂಚು ಒಲೆಯ ಮೇಲೆ ಹಾಗೇ ಕಾಯುತ್ತಿತ್ತು. ಅಜ್ಜಿ ಮಾತ್ರ ಮೂಲೆಯಿಂದ, “ಒಂದು ಮಾತಿಗೆ ಅಷ್ಟೊತ್ತು ಯಾಕ ಬರೀಬೇಕು?” ಎಂದು ಕೇಳಿದಳು. ಮರುದಿನ ಟ್ಯೂಷನ್ ಮುಗಿದ ಮೇಲೆ ನಾನು ಹಿಂದೆ ಉಳಿದು ಕಮಲಾ ಟೀಚರನ್ನು ಕೇಳಿದೆ: ನಮ್ಮ ‘ಇರಬೇಕು’, ಅವರ ‘ಮಸ್ಟ್ ಬಿ’, ಎರಡೂ ಒಂದೇ ಅಲ್ಲವೇ? ಅವರು ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡರು. “ಒಂದೇ ತೂಕ ಅಲ್ಲಮ್ಮ. ನಾವು ಇರಬೇಕು ಅಂದರೆ ಇಲ್ಲದೆಯೂ ಇರಬಹುದು ಅಂತ ಅರ್ಧ ಅದರೊಳಗೇ ಇರುತ್ತೆ. ಅವರು ಮಸ್ಟ್ ಅಂದರೆ ಬೇರೆ ದಾರಿಯೇ ಇಲ್ಲ ಅಂತ. ಏಣೀಲಿ ಎಲ್ಲಿ ಬರೆದಿದ್ದೆ ನೋಡಲಿಲ್ವಾ? ಯಾಕೆ ಕೇಳಿದೆ?” ಏನಿಲ್ಲ ಟೀಚರ್ ಎಂದು ಹೇಳಿ ಬಂದೆ. ಮನೆಯಲ್ಲಿ ಹೇಳಲಿಲ್ಲ.

ಚಂದ್ರಣ್ಣನನ್ನು ಕೆಲಸದಿಂದ ಸಸ್ಪೆಂಡ್ ಮಾಡಿದರು ಎಂಬ ಸುದ್ದಿ ಬಂದ ಭಾನುವಾರ ಪಡಸಾಲೆಯಲ್ಲಿ ಪೇಪರು ಹಾಸಲಿಲ್ಲ. ಮುಂದಿನ ವಾರದಲ್ಲೊಂದು ಮಧ್ಯಾಹ್ನ ಲಲಿತಕ್ಕ ಒಬ್ಬಳೇ ಬಂದಳು. ಅಪ್ಪ ಪಾಳಿಗೆ ಹೋಗಿದ್ದ. ಅಜ್ಜಿ ಮಲಗಿದ್ದಳು. ನಾನು ಶಾಲೆಯಿಂದ ಆಗಷ್ಟೇ ಬಂದಿದ್ದೆ. “ಬರ್ರಿ, ಕೂಡ್ರಿ” ಎಂದ ಅವ್ವನ ದನಿ ಎಂದಿನಂತಿರಲಿಲ್ಲ, ಲಲಿತಕ್ಕ ಕೂರಲೂ ಇಲ್ಲ. ಪ್ಲಾಸ್ಟಿಕ್ ಚೀಲದೊಳಗಿಂದ ಕಾರ್ಖಾನೆಯವರು ಕೊಟ್ಟ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. ಟೈಪು ಮಾಡಿದ ಇಂಗ್ಲಿಷ್.

“ಬ್ಯಾರೆಯವರ ಕೈಲಿ ಓದಿಸಿದ್ರೆ ಓಣಿಗೆಲ್ಲ ಗೊತ್ತಾಗ್ತೈತೆ ಸರೂ. ನಿಮ್ಮಪ್ಪ ಏನಂದಾರೆ ಅಂತ ಇದ್ರಾಗೆ ಬರದೈತಂತೆ. ಅದೊಂದು ಓದಿ ಹೇಳವ್ವಾ.”

ಹುಡುಕಬೇಕಾಗಲಿಲ್ಲ. ನಡುವಿನ ಸಾಲುಗಳಲ್ಲೇ ಇತ್ತು. ‘ಐ ಆಮ್ ಸರ್ಟನ್ ದಟ್ ದ ಪರ್ಸನ್ ವಾಸ್ ಚಂದ್ರಪ್ಪ’ ಎಂದು ಅಪ್ಪ ಹೇಳಿದ್ದಾಗಿ ಬರೆದಿತ್ತು. ಸರ್ಟನ್. ಖಾತ್ರಿ ಎನ್ನುವ ಆ ಪದ ಅಪ್ಪನಿಗೆ ಗೊತ್ತೇ ಇರಲಿಲ್ಲ. ಅದು ಏಣಿಯ ಮೇಲೂ ಇರಲಿಲ್ಲ, ಏಣಿಗಿಂತ ಮೇಲಿತ್ತು. ನಾನು ಮಸ್ಟ್ ಕೊಟ್ಟೆ, ಸಾಹೇಬ ಅದರ ಮೇಲೆ ಇನ್ನೊಂದು ಮೆಟ್ಟಿಲು ಹತ್ತಿದ್ದ. ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಇದಕ್ಕೆ ಎಂಟು ದಿನದೊಳಗೆ ಉತ್ತರ ಬರೆದುಕೊಡದಿದ್ದರೆ ಹೇಳುವುದೇನೂ ಇಲ್ಲವೆಂದು ತಿಳಿಯಲಾಗುವುದು. ನಾನು ತಲೆಯೆತ್ತಿದೆ. ಲಲಿತಕ್ಕನ ಹಿಂದೆ ಅವ್ವ ನಿಂತಿದ್ದಳು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ನನ್ನನ್ನೇ ನೋಡುತ್ತ.

“ಚಂದ್ರಣ್ಣ ಇರ್ಬೇಕು ಅಂತ ಅಂದಾರಂತೆ,” ಎಂದೆ.

ಲಲಿತಕ್ಕ ಉಸಿರು ಬಿಟ್ಟಳು. “ಇರ್ಬೇಕು ಅಂದ್ರೆ ಗ್ಯಾರಂಟಿ ಅಲ್ಲಲ್ಲ?”

“ಅಲ್ಲ.”

“ಅಷ್ಟೇನಾ ಐತೆ? ಬ್ಯಾರೆ ಏನಿಲ್ಲಲ್ಲ?”

“ಅಷ್ಟೇ.”

ಅವಳು ನನ್ನ ಕೆನ್ನೆ ಸವರಿ, ಅವ್ವ ಕೊಟ್ಟ ನೀರು ಕುಡಿದು ಹೋದಳು. ನಾನು ಹೇಳಿದ್ದು ಅಪ್ಪ ನಿಜವಾಗಿ ಹೇಳಿದ್ದ ಮಾತನ್ನೇ, ಆದರೆ ಕಾಗದದ ಮಾತನ್ನಲ್ಲ. ಅದಕ್ಕಿಂತ ಕೆಟ್ಟದ್ದು ಕೊನೆಯ ಸಾಲನ್ನು ನುಂಗಿದ್ದು. ಯಾಕೆ ನುಂಗಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವಳು ಬೇಗ ಹೋಗಲಿ ಎಂದಷ್ಟೇ ಇತ್ತು ಮನಸ್ಸಿನಲ್ಲಿ. ಆಮೇಲಿನ ಎಂಟು ದಿನ ನಾನು ಒಂದೊಂದನ್ನೂ ಎಣಿಸಿದೆ. ಬಚ್ಚಲಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ, ಊಟದ ತಟ್ಟೆಯ ಮುಂದೆ. ಐದನೆಯ ದಿನ ಹೇಳಿಬಿಡೋಣವೆಂದು ಅಪ್ಪನ ಹತ್ತಿರ ಹೋದೆ. ಅವನು ರೇಡಿಯೋದ ಸೆಲ್ಲು ಬದಲಿಸುತ್ತ, “ಚಂದ್ರಂದು ಏನೂ ಆಗಲ್ಲ ಬಿಡು. ನಾ ಏನು ನೋಡೀನಿ ಅಂತ ಅಂದಿಲ್ಲಲ್ಲ,” ಎಂದು ತನಗೇ ಹೇಳಿಕೊಳ್ಳುತ್ತಿದ್ದ. ವಾಪಸು ಬಂದೆ. ಎಂಟನೆಯ ದಿನ ದಾಟಿತು.

ಹತ್ತನೆಯ ದಿನ ಸಂಜೆ ಅಜ್ಜಿ ದೀಪ ಹಚ್ಚಿ ಬಾಗಿಲು ತೆರೆದವಳು ಹಾಗೇ ನಿಂತಳು.

“ಅಲ್ಲಿ ಯಾರೋ ನಿಂತಾರ ನೋಡು.”

ಓಣಿಯಾಚೆ, ಬಾಗಿಲು ಹಾಕಿದ್ದ ಟೇಲರ್ ಅಂಗಡಿಯ ಕಟ್ಟೆಯ ಪಕ್ಕದಲ್ಲಿ ಒಬ್ಬ ಮನುಷ್ಯ ನಮ್ಮ ಮನೆಯ ಕಡೆಗೇ ಮುಖ ಮಾಡಿ ನಿಂತಿದ್ದ. ಅಪ್ಪ ಬಂದು ಇಣುಕಿದ. “ಚಂದ್ರ...” ಎಂದ. ಮುಂದಿನ ಪದ ಬಾಯಿಗೆ ಬಂದದ್ದು ನನಗೆ ಕಂಡಿತು. ಅದು ಹೊರಗೆ ಬರಲಿಲ್ಲ. “ಬಾ ಚಂದ್ರಾ, ಒಳಗ ಬಾ” ಎಂದು ಕೈ ಮಾಡಿ ಕರೆದ. ಚಂದ್ರಣ್ಣ ಅಲ್ಲಾಡಲಿಲ್ಲ. ಒಂದು ಆಟೋ ನಡುವೆ ಹಾದುಹೋಯಿತು, ಹೋದ ಮೇಲೂ ಅವನು ಅಲ್ಲೇ ಇದ್ದ. ಬೀದಿಯ ದೀಪ ಹತ್ತಿದ ಮೇಲೆ ಹೊರಟುಹೋದ.

ಮರುದಿನವೂ ಬಂದ. ಅದರ ಮರುದಿನವೂ. ಬೈಯಲಿಲ್ಲ, ಕಲ್ಲು ತೂರಲಿಲ್ಲ, ಒಂದು ಮಾತೂ ಆಡಲಿಲ್ಲ. ಬರೀ ನಿಲ್ಲುತ್ತಿದ್ದ. ಗಡ್ಡ ಬಿಟ್ಟಿದ್ದ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿರುತ್ತಿದ್ದ. ಕೆಲಸಕ್ಕೆ ಹೋಗುವವರ ಹಾಗೆ ಸಮಯಕ್ಕೆ ಸರಿಯಾಗಿ ಹರಿಹರದಿಂದ ಬಸ್ಸು ಹತ್ತಿ ಬಂದು ನಿಂತು ಹೋಗುವ ಮನುಷ್ಯನನ್ನು ನಾನು ಆಮೇಲೆಂದೂ ನೋಡಿಲ್ಲ. ಮೂರನೆಯ ದಿನಕ್ಕೆ ಅವ್ವ ಬಾಗಿಲು ಹಾಕಿ ಅಗಳಿ ಜಡಿದಳು. ದೀಪದ ಹೊತ್ತಿನಲ್ಲಿ ಬಾಗಿಲು ಹಾಕಬ್ಯಾಡ ಎಂದು ಅಜ್ಜಿ ಕೂಗಾಡಿದಳು, ಅವ್ವ ಕೇಳಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಮನೆ ಹೊಗೆ ತುಂಬಿಕೊಂಡ ಹಾಗಾಯಿತು. ಓಣಿಯ ಸದ್ದೆಲ್ಲ ದೂರವಾಗಿ ನಮ್ಮ ಉಸಿರಾಟ ನಮಗೇ ಕೇಳತೊಡಗಿತು. ಯಾರೂ ಪಡಸಾಲೆಯಲ್ಲಿ ಕೂರುತ್ತಿರಲಿಲ್ಲ. ಅಪ್ಪ ಮಾತು ಕಡಿಮೆ ಮಾಡಿದ. ಸಾರಿಗೆ ಉಪ್ಪಿಲ್ಲದಿದ್ದರೆ ಸುಮ್ಮನೆ ಉಣ್ಣುತ್ತಿದ್ದ. ಐದನೆಯ ಸಂಜೆ ಕಿಟಕಿಯ ಸಂದಿಯಿಂದ ನೋಡಿದಾಗ ಚಂದ್ರಣ್ಣನ ಕಣ್ಣು ನೇರ ನನ್ನ ಮೇಲೇ ಬಿದ್ದ ಹಾಗಾಯಿತು. ನಾನು ಅಡುಗೆಮನೆಯವರೆಗೆ ಓಡಿ ಹೋಗಿ, ಕಾಗದದ ಮಾತು, ಏಣಿಯ ಮಾತು, ನುಂಗಿದ ಸಾಲು, ಎಲ್ಲವನ್ನೂ ಅಳುತ್ತ ಒದರಿಬಿಟ್ಟೆ.

“ನಾ ಹಂಗಂದಿಲ್ಲ,” ಎಂದ ಅಪ್ಪ. “ಸರ್ಟನ್ನೋ ಗಿರ್ಟನ್ನೋ, ಅದು ನನ್ನ ಮಾತಲ್ಲ. ನಾ ಹೋಗಿ ಹೇಳ್ತೀನಿ.”

“ಹೇಳಿ?” ಅವ್ವ ಲಟ್ಟಣಿಗೆ ಕೆಳಗಿಟ್ಟಳು. “ಆಗ ಒಂದಂದೆ, ಈಗ ಒಂದಂತೀನಿ ಅಂತೀರಾ? ಸಹಿ ಯಾರದು? ಕಂಡದ್ದು ಸರಿಯಾಗಿ ಹೇಳಾಕ ಬರದ ವಾಚ್‌ಮನ್ ನಮಗ್ಯಾಕ ಅಂತ ನಿಮ್ಮನ್ನ ಮೊದಲು ಹೊರಗ ಹಾಕ್ತಾರೆ. ಆಮ್ಯಾಲೆ ಇಬ್ರೂ ಕೂಡಿ ಆ ಕಟ್ಟಿ ಮ್ಯಾಲೆ ನಿಂದರ್ರಿ.”

“ಅವ ಕಳ್ಳ ಅಂತ ಬರದಂಗಾತಲ್ಲೇ.”

“ಕಳ್ಳ ಅಲ್ಲ ಅಂತ ನಿಮಗ ಗೊತ್ತೈತಾ?”

ಅವರಿಬ್ಬರೂ ಹಾಗೆ ಜಗಳವಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ದನಿ ಏರಿಸಲಿಲ್ಲ, ಹೊರಗೆ ನಿಂತವನಿಗೆ ಕೇಳೀತೆಂದು ಪಿಸುಗುಟ್ಟುತ್ತಲೇ ಜಗಳವಾಡಿದರು. ಅವ್ವ ಉಣ್ಣದೆ ಮಲಗಿದಳು. ಬೆಳಿಗ್ಗೆ ಅಪ್ಪ ನನಗೆ ನೋಟ್‌ಬುಕ್ಕಿನ ಎರಡು ಹಾಳೆ ಹರಿದುಕೊಂಡು ಬಾ ಎಂದ. ಅವನು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದೆ. ‘ಐ ಆಮ್ ನಾಟ್ ಸರ್ಟನ್’ ಎಂಬಲ್ಲಿ ‘ನಾಟ್’ ಪದವನ್ನು ಎರಡು ಸಲ ತಿದ್ದಿ ದಪ್ಪ ಮಾಡಿದೆ.

“ಇದನ್ನ ಮೊದಲು ಚಂದ್ರಗ ತೋರ್ಸೋಣ,” ಎಂದ ಅಪ್ಪ.

ಆ ಸಂಜೆ ಅಪ್ಪ ತಾನೇ ಅಗಳಿ ತೆಗೆದ. ನಾನು ಕಾಗದ ಹಿಡಿದು ಅವನ ಹಿಂದೆ ಹೋದೆ. ಓಣಿ ದಾಟುವ ಹತ್ತು ಹೆಜ್ಜೆ ಮುಗಿಯುವುದೇ ಇಲ್ಲವೇನೋ ಎನ್ನಿಸಿತು. ಹತ್ತಿರ ಹೋದಾಗ ಚಂದ್ರಣ್ಣ ಹಿಂದಕ್ಕೆ ಸರಿದು ಅಂಗಡಿಯ ಬಾಗಿಲಿಗೆ ಬೆನ್ನು ಕೊಟ್ಟ. ಅವನಿಗೆ ನಮ್ಮನ್ನು ಕಂಡರೆ ಹೆದರಿಕೆ ಎಂದು ಆಗ ನನಗೆ ಗೊತ್ತಾಯಿತು.

“ಓದು ಸರೂ,” ಎಂದ ಅಪ್ಪ.

ನಾನು ಓದಿ ಕನ್ನಡದಲ್ಲಿ ಹೇಳಿದೆ: ಅವತ್ತು ಮಂಜಿತ್ತು, ಅದು ಚಂದ್ರಪ್ಪನೇ ಎಂದು ನನಗೆ ಖಾತ್ರಿಯಿಲ್ಲ. ಚಂದ್ರಣ್ಣ ಕೇಳಿಸಿಕೊಂಡ. ಅವನ ಮುಖ ಸಡಿಲವಾಗಲಿಲ್ಲ, ಇನ್ನಷ್ಟು ಬಿಗಿಯಿತು.

“ಇದನ್ನ ಕೊಡಬ್ಯಾಡ,” ಎಂದ.

“ಯಾಕ?”

“ಅವತ್ತು ಹೋದೋನು ನಾನೇ.”

ಚಂದ್ರಣ್ಣ ನೆಲ ನೋಡುತ್ತ ಹೇಳಿದ. ಆ ಪಾಳಿಯಲ್ಲಿ ಮೈ ಸುಡುತ್ತಿತ್ತು, ಮಶೀನು ಬಿಟ್ಟು ಹಿಂದೆ ಕಂಬಳಿ ಹೊದ್ದು ಮಲಗಿಬಿಟ್ಟಿದ್ದ, ಬೆಳಕು ಹರಿಯುವ ಮೊದಲು ಕಂಬಳಿ ಹೆಗಲಿಗೆ ಹಾಕಿಕೊಂಡು ಸಣ್ಣ ಗೇಟಿನಿಂದ ಮನೆಗೆ ಹೋಗಿದ್ದ. ಪಾಳಿಯ ನಡುವೆ ಹೋದದ್ದು ಗೊತ್ತಾದರೆ ಕೆಲಸ ಹೋಗುತ್ತದೆಂದು, ಕೇಳಿದಾಗ ಮಶೀನು ಬಿಟ್ಟು ಅಲ್ಲಾಡಿಲ್ಲ ಎಂದು ಹೇಳಿದ್ದ.

“ಗ್ಯಾರಂಟಿನಾ ಅಂತ ಕೇಳಿದ್ರು. ಗ್ಯಾರಂಟಿ ಅಂದೆ. ದೇವ್ರ ಮ್ಯಾಲೆ ಆಣಿ ಇಟ್ಟೆ. ನೀ ಕೂಗಿದ್ದು ನಂಗ ಕೇಳಿತ್ತು, ಕೇಳಿದ್ರೂ ತಿರುಗ್ಲಿಲ್ಲ. ಅದನ್ನ ನಿಂಗ ಹೇಳ್ಬೇಕು ಅಂತ ಬರ್ತಿದ್ದೆ. ಬಂದ್ರ ಒಳಗ ಬರಾಕ ಕಾಲು ಏಳ್ತಿರಲಿಲ್ಲ.”

“ಹಿತ್ತಾಳಿ?” ಅಪ್ಪನ ದನಿ ನನಗೇ ಗುರುತು ಸಿಗಲಿಲ್ಲ.

“ಕಂಬಳಿ ಇತ್ತು. ಕಂಬಳಿ ಅಷ್ಟೇ.”

ಅವನು ಬೀದಿದೀಪ ಹತ್ತುವ ಮೊದಲೇ ಹೋದ. ಅಪ್ಪ ಮನೆಯೊಳಗೆ ಬಂದು ಪಡಸಾಲೆಯಲ್ಲಿ ಕಾಗದವನ್ನು ಎದುರಿಗಿಟ್ಟುಕೊಂಡು ಕೂತ. ಅವ್ವ, ಅಜ್ಜಿ ಏನು ಕೇಳಿದರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಹೇಳಬಾರದೆಂದು ಅವನ ಮುಖವೇ ಹೇಳುತ್ತಿತ್ತು. ಅವನ ಕಷ್ಟ ಆಗ ನನಗೆ ಅರ್ಧ ಮಾತ್ರ ಅರ್ಥವಾಗಿತ್ತು. ಖಾತ್ರಿಯಿಲ್ಲದಾಗ ಖಾತ್ರಿಯಿದೆ ಎಂದು ಬರೆಸಿಕೊಂಡರು. ಈಗ ಖಾತ್ರಿಯಾಗಿದೆ, ಕೈಯಲ್ಲಿರುವ ಕಾಗದ ಇಲ್ಲ ಎನ್ನುತ್ತಿದೆ. ಊಟ ಮುಗಿದ ಮೇಲೆ ನನ್ನನ್ನು ಕರೆದ.

“ಆ ಸರ್ಟನ್ ಅನ್ನೋದನ್ನ ತೆಗಿ. ಇದೆ ಅಂತನೂ ಬ್ಯಾಡ, ಇಲ್ಲ ಅಂತನೂ ಬ್ಯಾಡ. ಮಂಜಿತ್ತು. ಒಂದು ಬೆನ್ನು ಕಂಡೆ. ಹೆಗಲ ಮ್ಯಾಲೆ ಏನೋ ಇತ್ತು. ಮುಖ ಕಾಣಲಿಲ್ಲ. ಅಷ್ಟು ಬರಿ.”

ನಾನು ಹೊಸ ಹಾಳೆಯಲ್ಲಿ ಬರೆದೆ. ನಾಲ್ಕು ಸಣ್ಣ ವಾಕ್ಯ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಈಗ ಮೂವತ್ತು ವರ್ಷದ ಮೇಲೂ ಅಷ್ಟು ಶುದ್ಧವಾದ ಇಂಗ್ಲಿಷನ್ನು ನಾನು ಇನ್ನೊಮ್ಮೆ ಬರೆದಿಲ್ಲ ಎಂದೇ ಅನ್ನಿಸುತ್ತದೆ.

ಮುಂದೇನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಚಂದ್ರಣ್ಣನನ್ನು ಒಂದು ತಿಂಗಳ ಮೇಲೆ ಕೆಲಸಕ್ಕೆ ವಾಪಸು ತೆಗೆದುಕೊಂಡರು. ಅಪ್ಪನನ್ನು ಗೇಟಿನಿಂದ ತೆಗೆದು ಒಳಗಿನ ಅಂಗಳ ಗುಡಿಸುವವರ ಮೇಲ್ವಿಚಾರಣೆಗೆ ಹಾಕಿದರು. ಹಿತ್ತಾಳೆ ಕದ್ದವರು ಯಾರೆಂದು ಕಡೆಗೂ ಗೊತ್ತಾಗಲಿಲ್ಲ. ಚಂದ್ರಣ್ಣ, ಲಲಿತಕ್ಕ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಒಂದೇ ಕಾಂಪೌಂಡಿನೊಳಗೆ ವರ್ಷಗಟ್ಟಲೆ ಕೆಲಸ ಮಾಡಿದರೂ ಅಪ್ಪ ಮತ್ತು ಅವನು ಎದುರಾದಾಗ ಒಬ್ಬರ ದಾರಿಯಿಂದ ಒಬ್ಬರು ಸರಿದು ಹೋಗುತ್ತಿದ್ದರೆಂದು ಬೇರೆಯವರಿಂದ ಕೇಳಿದ್ದೇನೆ. ಬಾಗಿಲನ್ನು ಅಜ್ಜಿ ಮತ್ತೆ ತೆರೆಸಿದಳು, ಆದರೆ ಅವ್ವ ಆ ಹೊತ್ತಿಗೆ ಪಡಸಾಲೆಗೆ ಬರುವುದನ್ನು ಬಿಟ್ಟಳು. ಎದುರಿನ ಕಟ್ಟೆ ಖಾಲಿಯಿದ್ದರೂ ನಾವು ಯಾರೂ ಅತ್ತ ನೋಡುತ್ತಿರಲಿಲ್ಲ.

ಕಾಗದ ಕೊಡಲು ಅಪ್ಪ ನನ್ನನ್ನೂ ಹರಿಹರಕ್ಕೆ ಕರೆದುಕೊಂಡು ಹೋಗಿದ್ದ, ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಇರಲಿ ಎಂದು. ಸಾಹೇಬನ ಕೋಣೆಯ ಬಾಗಿಲ ಬಳಿಯ ಬೆಂಚಿನ ಮೇಲೆ ನನ್ನನ್ನು ಕೂರಿಸಿದರು. ಬಾಗಿಲು ಅರ್ಧ ತೆರೆದಿತ್ತು. ಅಪ್ಪ ಮೇಜಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಸಾಹೇಬ ನನ್ನ ನಾಲ್ಕು ವಾಕ್ಯಗಳನ್ನು ಓದಿ, ಹಳೆಯ ಹೇಳಿಕೆಯನ್ನು ಪಕ್ಕದಲ್ಲಿಟ್ಟು ನೋಡಿ, ಗುಮಾಸ್ತನಿಗೆ ಸಿಟ್ಟಿನಿಂದ ಏನೋ ಹೇಳಿದ.

“ಬೆನ್ನು ಗಿನ್ನು ಕಥೆ ಬ್ಯಾಡಂತೆ ನೋಡ್ರಿ,” ಎಂದ ಗುಮಾಸ್ತ. “ಇಂಗ್ಲಿಷೂ ಬ್ಯಾಡಂತೆ. ಕನ್ನಡದಾಗೆ ಒಂದೇ ಮಾತು ಹೇಳ್ರಿ. ಅದು ಚಂದ್ರಪ್ಪ ಹೌದೋ ಅಲ್ಲೋ?”

ಅಪ್ಪನ ಬೆನ್ನು ನನಗೆ ಕಾಣುತ್ತಿತ್ತು. ಖಾಕಿ ಅಂಗಿಯ ನಡುವೆ ಬೆವರಿನ ಒಂದು ಗೆರೆ ಇಳಿಯುತ್ತಿತ್ತು. ಅವನು ಎಂದಿನ ಹಾಗೆ ಏನಾದರೂ ಮೆತ್ತಗೆ ಹೇಳಿ ಪಾರಾಗುತ್ತಾನೆ ಎಂದು ನಾನು ಕಾದೆ.

“ಅಲ್ಲ,” ಎಂದ ಅಪ್ಪ.

ಗುಮಾಸ್ತ ಸಾಹೇಬನಿಗೆ ಹೇಳಿದ. ಸಾಹೇಬ ಅಪ್ಪನ ಮುಖ ನೋಡಿ, ಏನೂ ಕೇಳದೆ, ಕಾಗದದ ಅಂಚಿನಲ್ಲಿ ಬರೆದು ಸಹಿ ಮಾಡಿಸಿಕೊಂಡ. ನಾನು ಬೆಂಚಿನಿಂದ ಎದ್ದು ಒಳಗೆ ಹೋಗಿ ಅಪ್ಪನ ಪಕ್ಕದಿಂದ ಬಗ್ಗಿ ನೋಡಿದೆ. ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ನನಗೊಂದು ಲೋಟ ಕಬ್ಬಿನ ಹಾಲು ಕೊಡಿಸಿದ, ತಾನು ಕುಡಿಯಲಿಲ್ಲ. ಸಿಮೆಂಟಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಕೇಳಿದ.

“ಸಹಿ ಮಾಡುವಾಗ ನೀ ಬಗ್ಗಿ ನೋಡಿದ್ಯಲ್ಲ. ನಾ ಅಂದಿದ್ದನ್ನ ಅವ ಇಂಗ್ಲಿಷ್ನಾಗೆ ಹೆಂಗ ಬರಕಂಡ?”

“ನೋ ಅಂತ.”

“ಹಿಂದ ಮುಂದ ಏನಿಲ್ಲ?”

“ಏನಿಲ್ಲಪ್ಪ. ಎರಡೇ ಅಕ್ಷರ.”

ಅಪ್ಪ ತಲೆಯಾಡಿಸಿದ. ದಾವಣಗೆರೆಯ ಬಸ್ಸು ಬಂದು ನಿಂತಿತು, ಕಂಡಕ್ಟರ್ ಕೂಗಿದ, ಜನ ಹತ್ತಿದರು. ಅಪ್ಪ ಏಳಲಿಲ್ಲ. ಅದು ಹೋಗಿ ಇನ್ನೊಂದು ಬಂತು, ಅದನ್ನೂ ಹಾಗೇ ನೋಡುತ್ತ ಕೂತ. ನಾನು ಖಾಲಿ ಲೋಟ ಹಿಡಿದುಕೊಂಡು ಪಕ್ಕದಲ್ಲೇ ಇದ್ದೆ, ಏಳೋಣ ಎನ್ನಲು ಧೈರ್ಯ ಸಾಲದೆ.